ಹಸಿರು ಪೊಟ್ಟಣದ ಕಾವಲು

ಕಂಪ್ಯೂಟರ್ ಅಂಗಡಿಗಳ ನೆಲಮಾಳಿಗೆಯ ಮೆಟ್ಟಿಲಿಳಿಯುವಾಗಲೇ ಶುಯ್‌ಲಿಯನ್‌ಗೆ ಆ ಸದ್ದು ಕೇಳಿಸಿತು. ನೂರಾರು ಪುಟ್ಟ ಫ್ಯಾನುಗಳು ಒಟ್ಟಿಗೆ ಉಸಿರಾಡುವ ಸದ್ದು. ಮೇಲೆ ತೈಪೆಯ ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕೆಳಗೆ ತಂಪು, ನೀಲಿ ಬೆಳಕು, ದೂರದಿಂದ ತೇಲಿಬಂದಂತೆ ಮಂದವಾದ ಮಾತುಗಳು. ಕೊಳದ ತಳಕ್ಕೆ ಇಳಿಯುತ್ತಿದ್ದೇನೆ ಅನ್ನಿಸಿ ಅವಳು ಮಗಳ ತೋಳು ಹಿಡಿದುಕೊಂಡಳು.

"ಅಮ್ಮಾ, ನಾನೇನೂ ಕಳೆದುಹೋಗಲ್ಲ," ಎಂದಳು ವೆನ್‌ಶಿ.

"ನಾನು ಕಳೆದುಹೋದ್ರೆ?"

"ಮೈಕಿನಲ್ಲಿ ಕೂಗಿಸ್ತೀನಿ. ಬೂದುಬಣ್ಣದ ಅಂಗಿ, ಕೈಯಲ್ಲಿ ಕೊಡೆ, ಎಲ್ಲದಕ್ಕೂ ಹೆದರೋ ಹೆಂಗಸು ಅಂತ."

ಶುಯ್‌ಲಿಯನ್ ನಗಲಿಲ್ಲ. ಮುಂದಿನ ವಾರ ವೆನ್‌ಶಿ ದ್ವೀಪದ ಇನ್ನೊಂದು ತುದಿಗೆ, ಪಿಂಗ್‌ತುಂಗ್‌ನ ಕಾಲೇಜಿಗೆ ಹೊರಡುವವಳಿದ್ದಳು. ಚಲಿಸುವ ಚಿತ್ರ ಬರೆಯುವ ವಿದ್ಯೆ ಕಲಿಯಲು. ಮೊದಲ ದಿನದಿಂದಲೇ ಪ್ರತಿಯೊಬ್ಬರ ಹತ್ತಿರ ಸ್ವಂತ ಕಂಪ್ಯೂಟರ್ ಇರಲೇಬೇಕೆಂದು ಕಾಲೇಜಿನವರು ಹೇಳಿದ್ದರು. ಅವರು ಸೂಚಿಸಿದ ಹೊಸ ಯಂತ್ರಗಳ ಬೆಲೆ ನೋಡಿ ತಾಯಿ ಮಗಳಿಬ್ಬರೂ ಆ ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟಿದ್ದರು. ಮನೆಯಲ್ಲಿ ಇರುವವರು ಅವರಿಬ್ಬರೇ. ಶಾಲೆಯ ಗ್ರಂಥಾಲಯದಲ್ಲಿ ಶುಯ್‌ಲಿಯನ್‌ಗೆ ಬರುವ ಸಂಬಳದಲ್ಲಿ ಹಳೆಯದೊಂದನ್ನು ಒಂದು ಸಲ ಕೊಳ್ಳಬಹುದಿತ್ತು. ಎರಡನೆಯ ಸಲ ಅನ್ನುವುದು ಇರಲಿಲ್ಲ. ಆ ಒಂದು ಸಲವೂ ಏಳನೆಯ ತಿಂಗಳಲ್ಲೇ ಬಂದಿತ್ತಲ್ಲ ಎಂಬುದು ಅವಳ ಎದೆಯಲ್ಲಿ ಸಣ್ಣ ಮುಳ್ಳಾಗಿ ಚುಚ್ಚುತ್ತಿತ್ತು. ದಿಕ್ಕಿಲ್ಲದ ಪ್ರೇತಗಳು ಭೂಮಿಯ ಮೇಲೆ ಅಡ್ಡಾಡುವ ತಿಂಗಳಲ್ಲಿ ಬುದ್ಧಿ ಇರುವವರು ದೊಡ್ಡ ವಸ್ತು ಕೊಳ್ಳುವುದಿಲ್ಲ.

ಸಾಲಿನ ಕೊನೆಯಲ್ಲಿ ಲಾಯ್ ಎಂಬ ಹೆಂಗಸಿನ ಅಂಗಡಿ. ಕಚೇರಿಗಳು ಬಳಸಿಬಿಟ್ಟ ಯಂತ್ರಗಳನ್ನು ತಂದು, ತೊಳೆದು ಒರೆಸಿ ಮಾರುವುದು ಅವಳ ಕಸುಬು. ಹಲಗೆಯ ಮೇಲೆ ಲ್ಯಾಪ್‌ಟಾಪುಗಳು ಕಣ್ಣುಮುಚ್ಚಿ ಮಲಗಿದ್ದವು, ಮಧ್ಯಾಹ್ನದ ನಿದ್ದೆಗೆ ಮಲಗಿಸಿದ ಶಿಶುವಿಹಾರದ ಮಕ್ಕಳ ಹಾಗೆ. ಪ್ರತಿಯೊಂದರ ಮೇಲೂ ಒಂದು ಹಸಿರು ಪೊಟ್ಟಣ.

ಅದು ಏನೆಂದು ಶುಯ್‌ಲಿಯನ್‌ಗೆ ಯಾರೂ ಹೇಳಬೇಕಿರಲಿಲ್ಲ. ತೆಂಗಿನ ಸವಿಯ ಜೋಳದ ಕುರುಕಲು. ಪೊಟ್ಟಣದ ಮೇಲೆ, ಹೇಳಿದ ಮಾತು ಕೇಳು ಎಂದು ಮಕ್ಕಳನ್ನು ರಮಿಸುವ ಹೆಸರು. ಯಂತ್ರಗಳೂ ಹಾಗೇ ಮಾತು ಕೇಳಲೆಂದು ಎಲ್ಲರೂ ಅವುಗಳ ಮೇಲೆ ಇಡುತ್ತಾರೆ. ಅವಳ ಗ್ರಂಥಾಲಯದ ಜೆರಾಕ್ಸ್ ಯಂತ್ರದ ಮೇಲೂ ಒಂದಿತ್ತು. ಹಸಿರೇ ಆಗಬೇಕು. ಹಳದಿ ಇಟ್ಟರೆ ಯಂತ್ರ ತಡವರಿಸುತ್ತದೆ, ಕೆಂಪು ಇಟ್ಟರೆ ನಿಂತೇಬಿಡುತ್ತದೆ. ಪೊಟ್ಟಣದ ಮೇಲಿನ ತಾರೀಕು ದಾಟಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ತಿನ್ನಬಾರದು. ಹೋದ ವರ್ಷ ಹೊಸದಾಗಿ ಬಂದ ಗಣಿತದ ಮೇಷ್ಟ್ರೊಬ್ಬರು ಹಸಿವು ತಡೆಯಲಾರದೆ ಜೆರಾಕ್ಸಿನ ಪೊಟ್ಟಣವನ್ನು ಖಾಲಿ ಮಾಡಿದ್ದರು. ಮಾರನೆಯ ಬೆಳಿಗ್ಗೆ ಪರೀಕ್ಷೆಯ ಹೊತ್ತಿಗೆ ಯಂತ್ರ ಕಾಗದವನ್ನೆಲ್ಲ ಅಗಿದು ಉಗಿಯಿತು. ಇಂದಿಗೂ ಮೇಷ್ಟ್ರು ಅದರ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಾರೆ.

"ಬಾ ತಂಗೀ, ಕೂತ್ಕೋ," ಎಂದಳು ಲಾಯ್. ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ಕನ್ನಡಕ, ಬಾಯಲ್ಲಿ ಒಣಗಿದ ಪ್ಲಮ್ ಹಣ್ಣು. "ಮುಖ ನೋಡಿದ್ರೆ ಮದುವೆಗೆ ಹುಡುಗನ್ನ ನೋಡೋಕೆ ಬಂದಂಗಿದೆ."

"ಹುಡುಗನ್ನಾದ್ರೆ ಆಮೇಲೂ ವಿಚಾರಿಸಬಹುದು ಅಕ್ಕಾ," ಎಂದಳು ಶುಯ್‌ಲಿಯನ್. "ಅಲ್ಲಿ ಮಾರಿದ್ದು ವಾಪಸ್ಸಿಲ್ಲ ಅಂತ ಬೋರ್ಡು ಹಾಕಿದ್ದೀರಲ್ಲ."

"ಅದು ಗಿರಾಕಿಗಳಿಗಲ್ಲ, ಪ್ರೇತಗಳಿಗೆ. ಈ ತಿಂಗಳು ಅವರೂ ಬರ್ತಾರೆ ಚೌಕಾಸಿಗೆ."

ವೆನ್‌ಶಿ ಬಾಯಿ ಮುಚ್ಚಿಕೊಂಡು ನಕ್ಕಳು. ತಾಯಿ ಅವಳ ಮೊಣಕೈ ಚಿವುಟಿದಳು. ಇಂಥ ತಿಂಗಳಲ್ಲಿ ಆ ಮಾತಿಗೆ ನಗಬಾರದು.

ಲಾಯ್ ಒಂದು ಕಪ್ಪು ಲ್ಯಾಪ್‌ಟಾಪ್ ಎತ್ತಿ ಮುಂದಿಟ್ಟಳು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ನೆಗ್ಗು. "ಇದು ಹಡಗಿನ ಟಿಕೆಟ್ ಕೊಡೋ ಕಚೇರಿಯದು. ಸಮುದ್ರ ನೋಡ್ಕೊಂಡೇ ಬೆಳೆದಿದೆ. ಶಾಂತ ಸ್ವಭಾವ. ಕಾಲ್ ಸೆಂಟರಿಂದ ಬಂದವನ್ನ ತಗೋಬೇಡಿ, ಅವಕ್ಕೆ ಸಿಡುಕು ಜಾಸ್ತಿ."

ವೆನ್‌ಶಿ ಅದನ್ನು ತೆರೆದು ಬೆರಳಿನಿಂದ ಒಂದು ಗೆರೆ ಎಳೆದಳು. ಗೆರೆ ಬಾಗಿ ಮೀನಾಯಿತು, ಮೀನಿಗೆ ರೆಕ್ಕೆ ಬಂತು. ಅವಳ ಮುಖ ಪರದೆಯ ಬೆಳಕಿನಲ್ಲಿ ತೊಯ್ದಿತ್ತು. ಶುಯ್‌ಲಿಯನ್ ಆ ಮುಖವನ್ನೇ ನೋಡಿದಳು. ತನ್ನ ಪಕ್ಕದಲ್ಲಿ ಕೂತಿದ್ದರೂ ಅದು ಈಗಾಗಲೇ ಎಲ್ಲೋ ದೂರ, ಗಾಜಿನ ಆಚೆ ಇರುವಂತೆ ಕಂಡಿತು.

"ಇದೇ ಅಮ್ಮಾ," ಎಂದಳು ವೆನ್‌ಶಿ ಮೆಲ್ಲಗೆ. ಆಮೇಲೆ ಪಕ್ಕದ ಅಂಗಡಿಯಲ್ಲಿ ಚಿತ್ರ ಬರೆಯುವ ಹಲಗೆಗಳನ್ನು ನೋಡಲು ಎದ್ದುಹೋದಳು.

ಇದೇ ಅಂದರೆ ಸಾಕೇ? ಶುಯ್‌ಲಿಯನ್ ಒಂದೊಂದೇ ಕೀಲಿಯನ್ನು ಒತ್ತಿ ನೋಡಿದಳು. ಅಡಿಭಾಗವನ್ನು ಮೂಸಿದಳು. ಮುಚ್ಚಳವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದರ ಸಂದಿಗೆ ಕಿವಿಯಿಟ್ಟಳು. ಎಲ್ಲೋ ಒಂದು ಸಣ್ಣ ಕಿರುಗುಟ್ಟುವಿಕೆ ಇದೆಯೇ? ಇಲ್ಲವೇ? ತಲೆಯ ಮೇಲೆ ಲಾಯ್ ಏನೋ ಹೇಳುತ್ತಲೇ ಇದ್ದಳು. ಗೋಡೆ, ವೈರು, ನಿದ್ದೆ. ಮಾತುಗಳು ಫ್ಯಾನುಗಳ ಗುಂಯ್‌ಕಾರದಲ್ಲಿ ಕೂಡಿ ತೇಲಿಹೋದವು.

"ಕೇಳಿಸ್ತಾ ತಂಗೀ?"

"ಕೇಳಿಸ್ತು," ಎಂದಳು ಶುಯ್‌ಲಿಯನ್, ಸಂದಿಯಿಂದ ಕಿವಿ ತೆಗೆಯದೆ.

ಬೆಲೆಯಲ್ಲಿ ಲಾಯ್ ಒಂದು ಕಾಸನ್ನೂ ಬಿಡಲಿಲ್ಲ. ಆದರೆ ಯಂತ್ರದ ಮೇಲಿದ್ದ ಹಸಿರು ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೆ ಹಾಕಿದಳು. "ಬಂದಾಗಿನಿಂದ ಜೊತೇಲಿ ಇದಾರೆ ಇಬ್ರೂ. ಅಗಲಿಸಬಾರದು. ನಿಮ್ಮ ಮನೇಲೂ ಪಕ್ಕದಲ್ಲೇ ನಿಲ್ಲಿಸಿ, ಹೆಸರು ಮುಂದೆ ಕಾಣೋ ಹಾಗೆ. ತಿನ್ನಬಾರದು ಅಂತ ನಿಮಗೆ ಹೇಳೋದೇ ಬೇಡ."

"ನಾವೇನು ಚಿಕ್ಕ ಮಕ್ಕಳಾ?" ಎಂದಳು ಶುಯ್‌ಲಿಯನ್.

ರೈಲು ನಿಲ್ದಾಣದಲ್ಲಿ ಊಟದ ಡಬ್ಬಿಗಳು ಮುಗಿದುಹೋಗಿದ್ದವು. ಬೆಳಿಗ್ಗೆ ಮನೆಯಿಂದ ಕಟ್ಟಿ ತಂದಿದ್ದ ಅನ್ನದ ಉಂಡೆಯನ್ನು ಶುಯ್‌ಲಿಯನ್ ಬರುವಾಗಲೇ ಮಗಳಿಗೆ ತಿನ್ನಿಸಿದ್ದಳು.

"ನೀನು?" ಎಂದು ಕೇಳಿದಳು ವೆನ್‌ಶಿ.

"ನಂದಾಯ್ತು."

"ಯಾವಾಗ?"

"ಆಯ್ತು ಅಂದ್ನಲ್ಲ."

ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದು ಕ್ಷಣ ನಿಂತಳು. ಕಣ್ಣ ಮುಂದೆ ಬೆಳ್ಳಿಯ ಚುಕ್ಕೆಗಳು ಹಾರಿದವು. ವೆನ್‌ಶಿ ಅದನ್ನು ನೋಡಿದಳು.

ರೈಲಿನಲ್ಲಿ ಕಿಟಕಿಯ ಪಕ್ಕ ತಾಯಿ, ಆಚೆ ಮಗಳು. ಚೀಲ ತಾಯಿಯ ಮಡಿಲಲ್ಲಿತ್ತು. ಮೇಲಿನ ಹಲಗೆಯ ಮೇಲಿಡು ಎಂದರೆ ಕೇಳಲಿಲ್ಲ, ಬಿದ್ದರೆ? ಪಕ್ಕದಲ್ಲಿಡು ಎಂದರೂ ಕೇಳಲಿಲ್ಲ, ಯಾರಾದರೂ ಕೂತರೆ? ಹಾಗೆ ಅದನ್ನು ಅಪ್ಪಿಕೊಂಡೇ ಸುರಂಗಗಳನ್ನು ಹೊಕ್ಕಳು. ಕತ್ತಲೆ, ಬೆಳಕು, ಕತ್ತಲೆ. ಪ್ರತಿ ಬೆಳಕಿನಲ್ಲೂ ಒಂದು ತುಂಡು ಸಮುದ್ರ. ಚೀಲದೊಳಗಿನ ಯಂತ್ರದಲ್ಲಿ ಇನ್ನೂ ಅಂಗಡಿಯಲ್ಲಿ ಓಡಿದ ಬಿಸಿ ಉಳಿದಿತ್ತು. ಮಲಗಿದ ಮಗುವಿನ ಹೊಟ್ಟೆಯ ಬಿಸಿಯಂತೆ ಅದು ಅವಳ ತೊಡೆಗೆ ಇಳಿಯಿತು.

ಕನಸಿನಲ್ಲಿ ವೆನ್‌ಶಿ ಮೂರು ವರ್ಷದವಳಾಗಿದ್ದಳು. ಇಬ್ಬರೂ ಆಮೆಯ ಬೆನ್ನ ಮೇಲೆ ಕೂತಿದ್ದರು. ಅವರ ಊರಿನ ಎದುರು ಸಮುದ್ರದಲ್ಲಿ ಬಿದ್ದುಕೊಂಡಿರುವ ಆಮೆದ್ವೀಪ ಎದ್ದು ನಿಧಾನವಾಗಿ ದಕ್ಷಿಣಕ್ಕೆ ಈಜುತ್ತಿತ್ತು. ಎಲ್ಲಿಗೆ ಎಂದು ಅವಳು ಕೇಳಬೇಕೆಂದಿದ್ದಳು, ಬಾಯಿ ತೆರೆದರೆ ಮಾತಿನ ಬದಲು ಸಿಹಿ ಬಂತು. ಹಗುರವಾದ ತೆಂಗಿನ ಸಿಹಿ, ನಾಲಿಗೆಯ ಮೇಲೆ ನೊರೆಯಂತೆ ಕರಗುವ ಸಿಹಿ. ಒಂದಾದ ಮೇಲೆ ಇನ್ನೊಂದು. ಹೆದರಿಕೆ ಎಲ್ಲಿಗೋ ಹೋಗಿತ್ತು. ಆಮೆ ಎಲ್ಲಿಗಾದರೂ ಹೋಗಲಿ ಎಂದು ಅನ್ನಿಸಿತು, ಜನ್ಮದಲ್ಲಿ ಮೊದಲ ಸಲ.

ಕಣ್ಣು ಬಿಟ್ಟಾಗ ರೈಲು ಬಯಲಿಗೆ ಬಂದಿತ್ತು. ಆಮೆದ್ವೀಪ ತನ್ನ ಜಾಗದಲ್ಲೇ ಇತ್ತು, ನೀಲಿಯಾಗಿ. ವೆನ್‌ಶಿ ಅವಳ ಭುಜಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಳು. ಬಾಯಲ್ಲಿ ಇನ್ನೂ ಸಿಹಿ.

ಬಾಯಲ್ಲಿ ಸಿಹಿ.

ಶುಯ್‌ಲಿಯನ್ ಮೆಲ್ಲಗೆ ಕೆಳಗೆ ನೋಡಿದಳು. ಬೂದು ಅಂಗಿಯ ಎದೆಯ ಮೇಲೆ ಹಳದಿ ಪುಡಿ. ಚೀಲದ ಬಾಯಿ ತೆರೆದಿತ್ತು. ಅದರೊಳಗೆ ಹಸಿರು ಪೊಟ್ಟಣ ಹರಿದು, ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು.

ಎಷ್ಟು ಎಚ್ಚರದಿಂದ ಇದ್ದರೂ ಕೇಡು ಬರುವುದು ತನ್ನ ಕೈಯಿಂದಲೇ ಎಂದು ಅವಳು ಸದಾ ನಂಬಿದ್ದಳು, ಇಗೋ ಬಂತು. ಇನ್ನೊಂದು ಯೋಚನೆಯೂ ಅದರ ಹಿಂದೆಯೇ ಮೆಲ್ಲಗೆ ನುಸುಳಿತು. ಯಂತ್ರ ಕೆಟ್ಟರೆ ಹುಡುಗಿ ಹೋಗುವುದು ತಡವಾಗುತ್ತದೆ. ಅದನ್ನು ಬಯಸಿಯೇ ನಿದ್ದೆಯಲ್ಲಿ ಕೈ ಹೋಯಿತೇ? ಆ ಯೋಚನೆಗೆ ಬೆಚ್ಚಿ, ಪೊಟ್ಟಣದ ಬಾಯಿ ಮಡಚಿ, ಚೀಲದ ತಳಕ್ಕೆ ತುರುಕಿದಳು.

ತಮ್ಮ ಊರು ತೋಚೆಂಗ್‌ನಲ್ಲಿ ಇಳಿದ ಮೇಲೆ "ಸೋಪು ತಗೋಬೇಕು" ಎಂದು ಸುಳ್ಳು ಹೇಳಿ ನಿಲ್ದಾಣದ ಎದುರಿನ ಅಂಗಡಿಗೆ ನುಗ್ಗಿದಳು. ಕುರುಕಲಿನ ಸಾಲಿನಲ್ಲಿ ಹಸಿರಿನ ಜಾಗ ಬರಿದಾಗಿತ್ತು.

"ಹಸಿರೆಲ್ಲಿ ಸಿಗುತ್ತೆ ಅಮ್ಮಾ ಈಗ?" ಎಂದಳು ಗಲ್ಲಾದ ಹುಡುಗಿ. "ನಾಳೆ ಹುಣ್ಣಿಮೆ. ಎಲ್ರೂ ಪ್ರೇತಗಳ ಎಡೆಗೆ ಅಂತ ಡಬ್ಬಿಗಟ್ಟಲೆ ಒಯ್ದಿದಾರೆ. ಹಳದಿ ಇದೆ, ಕೆಂಪಿದೆ."

"ಬೇಡ ಬೇಡ," ಎಂದಳು ಶುಯ್‌ಲಿಯನ್, ಕೆಂಪನ್ನು ನೋಡಿದರೇ ಕೆಡುಕೆಂಬಂತೆ.

ಮನೆಗೆ ಬಂದ ಮೇಲೆ, ವೆನ್‌ಶಿ ಕೈಕಾಲು ತೊಳೆಯಲು ಹೋದಾಗ, ಶುಯ್‌ಲಿಯನ್ ಅಡುಗೆಮನೆಯ ಬಾಗಿಲು ಮುಚ್ಚಿ, ಪೊಟ್ಟಣಕ್ಕೆ ಟೇಪು ಅಂಟಿಸಿದಳು. ಒಳಗೆ ಹತ್ತಿ ತುಂಬಿದಳು, ಹೊಟ್ಟೆ ಉಬ್ಬಿಕೊಳ್ಳಲೆಂದು. ಕಿಟಕಿಯ ಬಳಿಯ ಮೇಜಿನ ಮೇಲೆ ಯಂತ್ರ ಇಟ್ಟು, ಪಕ್ಕದಲ್ಲಿ ಹರಿದ ಕಡೆ ಗೋಡೆಗೆ ಬರುವಂತೆ ಪೊಟ್ಟಣವನ್ನು ನಿಲ್ಲಿಸಿದಳು. ಅದು ಪೆಟ್ಟಾದ ಕಾವಲುಗಾರನ ಹಾಗೆ ಒಂದು ಬದಿಗೆ ವಾಲಿತು.

ವೆನ್‌ಶಿ ಬಂದು ಪೊಟ್ಟಣವನ್ನು ನೋಡಿದಳು. ತಾಯಿಯನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿ ಗುಂಡಿ ಒತ್ತಿದಳು.

ಏನೂ ಆಗಲಿಲ್ಲ.

ಮತ್ತೆ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಅದರಲ್ಲಿ ಕಿಟಕಿಯ ಸಂಜೆ ಬೆಳಕು, ಎರಡು ಮುಖಗಳು.

"ಒತ್ತಿ ಹಿಡಿ," ಎಂದಳು ಶುಯ್‌ಲಿಯನ್.

"ಹಿಡಿದೇ ಇದೀನಿ."

"ಬಿಟ್ಟು ಹಿಡಿ."

"ಅಮ್ಮಾ..."

"ನಾನು ತಿಂದೆ." ಮಾತು ತಾನಾಗಿ ಹೊರಬಿತ್ತು. "ಆ ಪೊಟ್ಟಣಾನ. ರೈಲಲ್ಲಿ. ನಿದ್ದೆಗಣ್ಣಲ್ಲಿ ನಾನೇ ಹರಿದು ತಿಂದ್ಬಿಟ್ಟೆ ಆ-ಶಿ. ಬೇಕಂತ ಅಲ್ಲ. ಬೇಕಂತಾನೋ ಏನೋ ನನಗೇ ಗೊತ್ತಿಲ್ಲ. ನೀನು ಅಷ್ಟು ದೂರ ಹೋಗ್ತೀಯ ಅಂತ... ನನ್ನ ಕೈಗೆ ಬುದ್ಧಿ ಇಲ್ಲ."

ಮಗಳನ್ನು ಚಿಕ್ಕಂದಿನ ಮುದ್ದಿನ ಹೆಸರಿನಿಂದ ಕರೆದದ್ದೂ ತಿಳಿಯದೆ ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ವೆನ್‌ಶಿ ತಾಯಿಯ ಎರಡೂ ಕೈಗಳನ್ನು ಹಿಡಿದು ಮೇಲಕ್ಕೆ ತಿರುಗಿಸಿದಳು.

"ನಿದ್ದೆಯಿಂದ ಎದ್ದಾಗ ನಿನ್ನ ಬೆರಳು ನೋಡ್ಕೊಂಡೆಯಾ?"

"ಬೆರಳಾ?"

"ಪುಡಿ ಇತ್ತಾ?"

ಅಂಗಿಯ ಮೇಲಿತ್ತು. ತುಟಿಯ ಮೇಲಿತ್ತು. ಬೆರಳಿನಲ್ಲಿ ಇದ್ದದ್ದು ಅವಳಿಗೆ ನೆನಪಾಗಲಿಲ್ಲ. ಇಡೀ ದಿನ ಸಂದಿಗೊಂದಿಗಳನ್ನೆಲ್ಲ ನೋಡಿದವಳು ತನ್ನ ಬೆರಳನ್ನೇ ನೋಡಿಕೊಂಡಿರಲಿಲ್ಲ.

"ನಾನು ತಿನ್ನಿಸಿದ್ದು," ಎಂದಳು ವೆನ್‌ಶಿ. "ಮೆಟ್ಟಿಲ ಮೇಲೆ ನೀನು ಬೆಳ್ಳಗಾಗಿ ಹೋಗಿದ್ದೆ. ನಂದಾಯ್ತು, ನಂದಾಯ್ತು ಅಂತೀಯ, ಬೆಳಿಗ್ಗೆಯಿಂದ ನಿನ್ನ ಬಾಯಿಗೆ ನೀರು ಬಿಟ್ರೆ ಏನೂ ಹೋಗಿಲ್ಲ ಅಂತ ನಂಗೆ ಗೊತ್ತು. ರೈಲಲ್ಲಿ ಬೇರೇನೂ ಇರ್ಲಿಲ್ಲ. ಮೂಗಿನ ಹತ್ರ ಹಿಡಿದೆ, ನೀನು ಕಣ್ಣುಮುಚ್ಚಿಕೊಂಡೇ ಬಾಯಿ ತೆಗೆದೆ. ಹಕ್ಕಿಮರಿ ಹಂಗೆ."

"ಯಂತ್ರದ ಪೊಟ್ಟಣ ಕಣೇ ಅದು!"

"ಹೌದು. ನೀನು ನಮ್ಮಮ್ಮ."

ಶುಯ್‌ಲಿಯನ್ ಕೈ ಬಿಡಿಸಿಕೊಂಡಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹತ್ತಿ ತುಂಬಿದೆ?"

ಇಬ್ಬರೂ ಆ ವಾಲಿದ ಪೊಟ್ಟಣದ ಕಡೆ ನೋಡಿದರು. ಟೇಪಿನ ಸಂದಿಯಿಂದ ಹತ್ತಿಯ ಒಂದು ಎಳೆ ಗಡ್ಡದ ಹಾಗೆ ಹೊರಬಂದಿತ್ತು. ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ನಗುತ್ತ ನಗುತ್ತ ಶುಯ್‌ಲಿಯನ್‌ಳ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ಬರೀ ನೀರು ಉಳಿಯಿತು. ಎದುರಿಗೆ ಕಪ್ಪು ಪರದೆ ಹಾಗೆಯೇ ಇತ್ತಲ್ಲ.

ಲಾಯ್‌ಗೆ ಫೋನು ಮಾಡಿದ್ದು ವೆನ್‌ಶಿ. ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಆ ಕಡೆಯಿಂದ ಪ್ಲಮ್ಮಿನ ಬೀಜ ಉಗಿದ ಸದ್ದು ಕೇಳಿಸಿತು.

"ತಿಂದಿದ್ದು ಯಾರು?"

"ಅಮ್ಮ. ತಿನ್ನಿಸಿದ್ದು ನಾನು."

"ಹೆಂಗಿತ್ತು?"

"ಏನು ಹೆಂಗಿತ್ತು?"

"ರುಚಿ. ಮೂವತ್ತು ವರ್ಷದಿಂದ ಯಂತ್ರಗಳ ಮೇಲಿಡ್ತಾ ಇದೀನಿ, ಒಂದಿನಾನೂ ಬಾಯಿಗೆ ಹಾಕಿಲ್ಲ." ಆಮೇಲೆ ದನಿ ಏರಿತು. "ಗೋಡೆಗೆ ವೈರು ಸಿಕ್ಕಿಸಿದ್ರಾ?"

"ಇಲ್ಲ, ಬ್ಯಾಟರಿ ಇರುತ್ತಲ್ಲ ಅಂತ..."

"ದಾರೀಲಿ ಎಚ್ಚರ ಆಗಬಾರದು ಅಂತ ಬ್ಯಾಟರಿನ ಗಾಢ ನಿದ್ದೆಗೆ ಹಾಕಿ ಕೊಟ್ಟಿದೀನಿ. ವೈರು ಸಿಕ್ಕಿಸಿದ್ರೇ ಏಳೋದು. ನಿಮ್ಮಮ್ಮಂಗೆ ಹೇಳಿದ್ನಲ್ಲ! ಕೇಳಿಸ್ತಾ ಅಂದೆ, ಕೇಳಿಸ್ತು ಅಂದ್ಲು."

ವೆನ್‌ಶಿ ಹುಬ್ಬೇರಿಸಿದಳು. ಶುಯ್‌ಲಿಯನ್ ಮೆಲ್ಲಗೆ ಹೇಳಿದಳು, "ನಾನು ಆಗ ಮುಚ್ಚಳ ಕಿರುಗುಟ್ಟುತ್ತಾ ಅಂತ ಕೇಳ್ತಿದ್ದೆ."

"ಕಿರುಗುಟ್ಟಿತಾ?" ಎಂದಳು ಲಾಯ್, ಅವಳ ಕಿವಿ ಅಷ್ಟು ಚುರುಕು.

"ಇಲ್ಲ ಅಕ್ಕಾ."

"ಮತ್ತೆ? ಅನ್ನ ಬೇಯೋ ಅಷ್ಟು ಹೊತ್ತು ಬಿಡಿ, ಎದ್ದೇಳುತ್ತೆ. ಹೊಸ ಪೊಟ್ಟಣ ಮಾತ್ರ ಮರೀಬೇಡಿ. ಒಂದ್ಸಲ ಕ್ಷಮಿಸುತ್ತೆ, ಎರಡನೇ ಸಲ ನಾನು ಗ್ಯಾರಂಟಿ ಕೊಡಲ್ಲ."

ವೈರು ಸಿಕ್ಕಿಸಿದರು. ಯಂತ್ರದ ಪಕ್ಕೆಯಲ್ಲಿ ಸಾಸಿವೆಯಷ್ಟು ದೀಪ ಹೊತ್ತಿತು. ಅನ್ನ ಬೇಯುವಷ್ಟು ಹೊತ್ತು ಎಂದಿದ್ದಕ್ಕೋ ಏನೋ, ಶುಯ್‌ಲಿಯನ್ ಎದ್ದು ಅಕ್ಕಿ ತೊಳೆದಿಟ್ಟಳು. ಹೊರಗೆ ಯಾರದೋ ಮನೆಯ ಮುಂದೆ ನಾಳೆಯ ಎಡೆಯ ಮೇಜು ಎಳೆಯುವ ಸದ್ದು. ಆವಿ ಕಿಟಕಿಯ ಗಾಜಿಗೆ ಹತ್ತಿತು, ಗಾಜಿನಾಚೆಯ ಸಮುದ್ರ ಮಂಜಾಯಿತು. ವೆನ್‌ಶಿ ಆವಿಯ ಮೇಲೆ ಬೆರಳಿನಿಂದ ರೆಕ್ಕೆಯ ಮೀನು ಬರೆದಳು. ಆಗ, ಯಾರೂ ಮುಟ್ಟದೆಯೇ, ಕೋಣೆಯಲ್ಲಿ ಮೆಲುವಾದ ನೀಲಿ ಬೆಳಕು ಹರಡಿತು. ಪರದೆ ಎದ್ದಿತ್ತು. ನಿಮ್ಮ ಹೆಸರೇನು ಎಂದು ಕೇಳುತ್ತಿತ್ತು.

ವೆನ್‌ಶಿ ಬರೆದಳು. ಶುಯ್‌ಲಿಯನ್ ಸೌಟು ಹಿಡಿದುಕೊಂಡೇ ಹಿಂದೆ ನಿಂತು, ಒಂದೊಂದೇ ಅಕ್ಷರ ಮೂಡುವುದನ್ನು ನೋಡಿದಳು. ತಾನೇ ಇಟ್ಟ ಹೆಸರು. ಅದನ್ನು ಯಾರೋ ಹೊಸಬರಿಗೆ ಪರಿಚಯ ಮಾಡಿಸಿದಂತಿತ್ತು. ಯಂತ್ರ ಓಡುತ್ತಿತ್ತು, ಹುಡುಗಿ ಹೋಗುತ್ತಾಳೆ. ರೈಲಿನಲ್ಲಿ ನುಸುಳಿದ್ದ ಆ ಯೋಚನೆಯನ್ನು ಅವಳು ತನ್ನೊಳಗೆ ಹುಡುಕಿದಳು. ಅದು ಇತ್ತು, ಆದರೆ ಅದಕ್ಕೆ ಹಲ್ಲಿರಲಿಲ್ಲ.

ಮಾರನೆಯ ದಿನ ಎಲ್ಲ ಮನೆಗಳ ಮುಂದೆಯೂ ಮೇಜುಗಳು. ಊದುಬತ್ತಿಯ ಹೊಗೆ ಬೀದಿಯ ತುಂಬ ಮಂಜಿನಂತೆ ನಿಂತಿತ್ತು. ಶುಯ್‌ಲಿಯನ್ ವಾರದ ಹಿಂದೆಯೇ ಎಡೆಗೆಂದು ತಂದಿಟ್ಟಿದ್ದ ತಿಂಡಿಗಳ ನಡುವೆ ಎರಡು ಹಸಿರು ಪೊಟ್ಟಣಗಳಿದ್ದವು. ನಿನ್ನೆ ಅವು ನೆನಪಾಗಿದ್ದರೂ ಮುಟ್ಟುತ್ತಿರಲಿಲ್ಲ. ಪ್ರೇತಗಳ ಪಾಲಿಗೆ ಕೈ ಹಾಕುವಷ್ಟು ಧೈರ್ಯ ಅವಳಿಗಿಲ್ಲ. ಬತ್ತಿ ಉರಿದು ಬೂದಿಯಾದ ಮೇಲೆ, ಹಸಿದು ಬಂದವರೆಲ್ಲ ತಮ್ಮ ಪಾಲು ತೆಗೆದುಕೊಂಡರು ಎಂದಾದ ಮೇಲೆ, ಅವೆರಡನ್ನೂ ಒಳಗೆ ತಂದು ಯಂತ್ರದ ಎಡಬಲಕ್ಕೆ ನಿಲ್ಲಿಸಿದಳು.

"ಎರಡಾ?" ಎಂದಳು ವೆನ್‌ಶಿ.

"ಒಂದು ನಿದ್ದೆಹೋದ್ರೆ ಇನ್ನೊಂದು ಇರ್ಲಿ."

ಹುಡುಗಿ ಹೊರಟ ಬೆಳಿಗ್ಗೆ ನಿಲ್ದಾಣದಲ್ಲಿ ಶುಯ್‌ಲಿಯನ್ ಹೇಳಬೇಕಾದ್ದನ್ನೆಲ್ಲ ಹೇಳಿದಳು, ಕೆಲವನ್ನು ಎರಡೆರಡು ಸಲ. ಬಾಗಿಲು, ಬೀಗ, ಮಳೆ, ಮೀನಿನ ಮುಳ್ಳು. ರೈಲು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಲಿಲ್ಲ. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಾಳೆಯೇ ಎಂದು ಕಿಟಕಿಯನ್ನೇ ನೋಡುತ್ತಿದ್ದಳು. ಇಟ್ಟುಕೊಂಡಿದ್ದಳು.

ಶಾಲೆಗೆ ಹೋಗಿ, ಪುಸ್ತಕಗಳನ್ನು ಅವುಗಳ ಜಾಗದಲ್ಲಿಟ್ಟು, ಸಂಜೆ ಮನೆಗೆ ಬಂದು ಕಿಟಕಿಯ ಮೇಜು ನೋಡಿದಳು. ಯಂತ್ರವಿದ್ದ ಜಾಗ ಬರಿದಾಗಿತ್ತು. ಆದರೆ ಅವಳು ದಿನಾ ಕೂರುವ ಕುರ್ಚಿಯ ಎದುರು, ಹೆಸರು ಅವಳ ಕಡೆಗೆ ತಿರುಗಿ, ಒಂದು ಹಸಿರು ಪೊಟ್ಟಣ ನಿಂತಿತ್ತು.

ಮರೆತುಹೋಗಿದ್ದಾಳೆ! ಅಷ್ಟು ದೂರ, ಕಾವಲಿಲ್ಲದೆ! ಕೂಡಲೇ ಫೋನು ಒತ್ತಿದಳು. ಪರದೆಯಲ್ಲಿ ವೆನ್‌ಶಿಯ ಮುಖ ಮೂಡಿತು. ಹಿಂದೆ ಗೊತ್ತಿಲ್ಲದ ಗೋಡೆ, ಗೊತ್ತಿಲ್ಲದ ಕಿಟಕಿ, ಯಾರೋ ಹುಡುಗಿಯರ ನಗು.

"ಆ-ಶಿ, ಪೊಟ್ಟಣ ಇಲ್ಲೇ ಬಿಟ್ಟು ಹೋಗಿದ್ದೀಯಲ್ಲೇ!"

ವೆನ್‌ಶಿ ಲ್ಯಾಪ್‌ಟಾಪನ್ನು ಸ್ವಲ್ಪ ಓರೆಮಾಡಿದಳು. ಅದರ ಪಕ್ಕದಲ್ಲಿ ಇನ್ನೊಂದು ಪೊಟ್ಟಣ ನೆಟ್ಟಗೆ ನಿಂತಿತ್ತು.

"ಮೆಷಿನ್ನಿಂದು ಇಲ್ಲಿದೆ ನೋಡು. ಅದು ನಿಂದು."

"ನನಗ್ಯಾಕೆ?"

"ನೀನೇ ತಾನೆ ಹೇಳಿದ ಮಾತು ಕೇಳದೇ ಇರೋದು. ಊಟ ಆಯ್ತಾ?"

"ನಂದಾಯ್..." ಎಂದವಳು ನಿಲ್ಲಿಸಿದಳು. ಪೊಟ್ಟಣ ಅವಳನ್ನೇ ನೋಡುತ್ತಿತ್ತು. "ಇಲ್ಲ. ಇನ್ನೂ ಇಲ್ಲ."

"ತಿನ್ನಬೇಡ ಅದನ್ನ ಮತ್ತೆ."

"ನಾನೇನು ಚಿಕ್ಕ ಮಗುವಾ?"

ಫೋನನ್ನು ಪೊಟ್ಟಣಕ್ಕೆ ಒರಗಿಸಿ ನಿಲ್ಲಿಸಿ, ಮುಖ ಈ ಕಡೆಗೇ ಇರುವಂತೆ ಸರಿಮಾಡಿ, ಶುಯ್‌ಲಿಯನ್ ಎದ್ದಳು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ಅವಳಿಗೆ ತಿಳಿಯಲಿಲ್ಲ. ಸ್ವಲ್ಪ ಹೆಚ್ಚೇ ಹಾಕಿ, ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ನಡುವೆ ಹಿಂದಿನಿಂದ ಮಗಳು ಯಾರಿಗೋ ಹೇಳುವುದು ಕೇಳಿಸಿತು, "ಅದು ನಮ್ಮಮ್ಮ, ಅನ್ನಕ್ಕಿಡ್ತಿದಾಳೆ." ಗಾಜಿನಾಚೆ ಆಮೆದ್ವೀಪ ಕತ್ತಲಾಗುವ ಸಮುದ್ರದ ಮೇಲೆ, ಇದೀಗ ಎಲ್ಲಿಂದಲೋ ಈಜಿ ಬಂದು ತಂಗಿದಂತೆ, ಅಲ್ಲಾಡದೆ ಬಿದ್ದುಕೊಂಡಿತ್ತು.